ಗಾಗಲ್ಲಿನಾಗ ಮಂಜ ಕವಿದು ಏನೂ ಕಾಣವಲ್ದು ಅನ್ನೋರಿಗೆ

ಹೋದ ಬ್ಯಾಸಗಿ ರಜಾದಾಗ ನಮ್ಮ ಅಕ್ಕನ ಮಗಳನ್ನ ಹುಬ್ಬಳ್ಳಿಯೊಳಗ ಈಜು ಕಲಿಯಾಕ ಹಚ್ಚಿದ್ವಿ. ಎಂಟು ವರ್ಷದ ಹುಡುಗಿ, ಮೊದಲಿನ ವಾರ ಭಾಳ ಖುಷಿಲೆ ಹೋದಳು, ಎರಡನೇ ವಾರದಾಗ ನೋಡ್ರಿ, ಅರ್ಧಾ ದಾರಿಗೆ ನಿಂತ ಬಿಡೋದು, ತಲಿ ಮ್ಯಾಲೆತ್ತೋದು, ಹಗ್ಗ ಹಿಡಕೊಂಡು ಅಳೋದು ಶುರು ಆತು. ಎಲ್ಲಾರೂ ಹೇಳಿದ್ದು ಒಂದ ಮಾತು, ಹುಡುಗಿಗೆ ನೀರಿನ ಅಂಜಿಕಿ ಹೊಕ್ಕೈತಿ, ಸ್ವಲ್ಪ ದಿನ ಬಿಡಿಸ್ರಿ ಅಂತ. ಅಕ್ಕನೂ ಬಿಡಿಸಿ ಬಿಡೋಣು ಅಂದಳು. ನಾನು ಒಂದಿನ ಕಟ್ಟಿ ಮ್ಯಾಲ ಕುಂತು ಆಕಿನ್ನ ಕರದು ಕೇಳಿದೆ, ನೀರಾಗ ಮಾರಿ ಇಟ್ಟಾಗ ನಿಂಗ ಏನ್ ಕಾಣ್ತೈತಿ ಅಂತ. "ಏನೂ ಕಾಣಂಗಿಲ್ಲ ಮಾಮಾ, ಹಾಲಿನಾಗ ಮುಳಗಿದಂಗ ಆಗ್ತೈತಿ" ಅಂದಳು. ಗಾಗಲ್ ತೊಗೊಂಡು ಬೆಳಕಿಗೆ ಹಿಡದು ನೋಡಿದ್ರ ಒಳಗಿನ ಮಗ್ಗಲು ಪೂರಾ ಬೆಳ್ಳಗ. ಹುಡುಗಿಗೆ ಅಂಜಿಕಿ ಏನೂ ಇರಲಿಲ್ಲ, ಗ್ವಾಡಿ ಎಲ್ಲೈತಿ, ಮುಂದ ಯಾರದಾರ ಅನ್ನೋದು ಕಾಣತಿರಲಿಲ್ಲ ಅಷ್ಟ, ಆದ್ರ ಅದನ್ನ ಯಾರೂ ಕೇಳಿರಲಿಲ್ಲ.

ಅವತ್ತಿಂದ ನಾನು ಬೆಳಗಿನ ಬ್ಯಾಚಿಗೆ ಬರೋರನ್ನ ಲಕ್ಷ್ಯ ಕೊಟ್ಟು ನೋಡಾಕ ಹತ್ತೇನಿ, ಹೊಸದಾಗಿ ಕಲಿಯೋರು ಸಣ್ಣವರು ಇರಲಿ ನಲವತ್ತು ದಾಟಿದ ಹೆಣ್ಣಮಕ್ಕಳು ಇರಲಿ, ನನಗ ಇದು ಬಗಿಹರಿಯಂಗಿಲ್ಲ ಅಂತ ಕೈ ಬಿಡೋರಾಗ ಸುಮಾರು ಮಂದಿದು ಗಾಗಲ್ಲಿನ ತ್ರಾಸ. ಅದಕ್ಕ ಗೊತ್ತಿದ್ದದ್ದೆಲ್ಲಾ ಒಂದ ಕಡೆ ಬರದು ಇಡ್ತೇನಿ. ಸ್ವಲ್ಪ ಉದ್ದ ಆಗ್ತೈತಿ, ಆದ್ರ ಕಾರಣ ತಿಳಕೊಂಡ್ರ ಉಪಾಯ ತಾನ ಹೊಳೀತೈತಿ ಅನ್ನೋದು ನನ್ನ ನಂಬಿಕಿ.

ಮೊದಲು ಅದು ಖರೇನ ಮಂಜ ಹೌದೋ ಅಲ್ಲೋ ನೋಡ್ರಿ. ಕೆಳಗ ನೀರು ನಿಂತು ಕಣ್ಣಿಗೆ ಉರಿ ಹತ್ತಿತಂದ್ರ ಅದು ಲೀಕು, ಅದರ ಔಷಧ ಬ್ಯಾರೆ. ನೀರಾಗ ಅದ್ದಿದ್ರೂ ಹೋಗಲಾರದ ಸಣ್ಣ ಸಣ್ಣ ಗೆರಿ ಇದ್ರ ಅವು ಗೀರು, ಅದಕ್ಕ ಔಷಧನ ಇಲ್ಲ. ಒಣಗಿದಾಗ ಅಷ್ಟ ಕಾಣೋ ಬಿಳೇ ಚುಕ್ಕಿ ಇದ್ರ ಸವಳು ನೀರಿನ ಕಲಿ, ಅದನ್ನ ಮುಂದ ಹೇಳ್ತೇನಿ. ಒಳಗ ಒಂದ ಸಮನ ಹೊಗಿ ಕವಿದಂಗ ಆಗಿ, ತಗದು ನೀರಾಗ ಅದ್ದಿದ ಕೂಡಲೇ ಸ್ವಚ್ಛ ಆಗಿ, ಮತ್ತ ಹಾಕ್ಕೊಂಡ ಎರಡು ನಿಮಿಷಕ್ಕ ಕವಿದ್ರ ಅದು ಮಂಜ. ಮನಿಯೊಳಗ ಪರೀಕ್ಷಾ ಮಾಡಬೇಕಂದ್ರ ಒಣಗಿದ ಗಾಗಲ್ಲಿನ ಒಳಮಗ್ಗಲಿಗೆ ಬಾಯಿ ತಗದು "ಹಾ" ಅಂತ ಉಸರು ಬಿಡ್ರಿ, ಹೊಸಾ ಗಾಗಲ್ ಇದ್ರ ಮಬ್ಬು ಆಗಂಗನ ಇಲ್ಲ, ಇಲ್ಲಾ ಚಣಾರ್ಧಕ್ಕ ಮಾಯ ಆಗ್ತೈತಿ, ಬೆಳ್ಳಗ ಹಂಗ ನಿಂತ ಬಿಟ್ಟಿತಂದ್ರ ಒಳಗಿನ ಲೇಪ ಹೋಗೈತಿ ಅಂತ ಅರ್ಥ.

ಈಗ ಯಾಕ ಆಗ್ತೈತಿ ಅನ್ನೋದು. ಬ್ಯಾಸಗಿಯಾಗ ಫ್ರಿಜ್ಜಿನ ನೀರು ಸ್ಟೀಲ್ ಚರಗಿಗೆ ಹಾಕಿ ಇಟ್ರ ಹೊರಗ ಬೆವರು ಬರ್ತೈತೆಲ್ಲ, ಆ ನೀರು ಚರಗಿ ಒಳಗಿಂದ ಬಂದಿದ್ದಲ್ಲ, ಗಾಳಿಯಾಗಿನ ಹಬೆ ತಂಪಾದ ಸ್ಟೀಲಿಗೆ ತಾಕಿ ನೀರಾಗಿದ್ದು. ಗಾಗಲ್ಲಿನಾಗೂ ಅದ. ಮಾರಿ ಚರ್ಮದ ಕಾವು 33-34 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರ್ತೈತಿ, ಈಸಾಕ ಹತ್ತಿದ್ರ ಕಣ್ಣಿನ ಸುತ್ತಲೂ ಬೆವರತೈತಿ (ನೀರಾಗ ಬೆವರಂಗಿಲ್ಲ ಅಂತ ಭಾಳ ಮಂದಿ ತಿಳಕೊಂಡಾರ, ಬೆವರತೈತಿ, ನೀರಾಗ ಇರೋದರಿಂದ ಗೊತ್ತಾಗಂಗಿಲ್ಲ ಅಷ್ಟ), ಕಣ್ಣಿನ ಹಸಿನೂ ಆರತಿರ್ತೈತಿ, ಆ ಹಬೆಯೆಲ್ಲಾ ಅಷ್ಟ ಸಣ್ಣ ಜಾಗಾದಾಗ ಸಿಕ್ಕೊಂಡು ಹೊರಗ ಹೋಗಾಕ ದಾರಿ ಇರಂಗಿಲ್ಲ. ಹೊರಗಿನ ಮಗ್ಗಲಿಗೆ ಕೊಳದ ನೀರು ಹತ್ತಿರ್ತೈತಿ, ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿ ಇರಬೇಕು ಅಂತ ಅಂತರರಾಷ್ಟ್ರೀಯ ನಿಯಮ ಐತಿ, ನಮ್ಮ ಕಡೆ ಮ್ಯಾಲ ಛಾವಣಿ ಇಲ್ಲದ ಕೊಳದಾಗ ಡಿಸೆಂಬರ್ ಮುಂಜಾನಿ ಅದಕ್ಕಿಂತ ಕಡಿಮಿನೂ ಇರ್ತೈತಿ. ಒಳಗ ಬಿಸಿ ಹಬೆ, ಹೊರಗ ತಣ್ಣೀರು, ನಡುವ ತೆಳ್ಳನ ಪ್ಲಾಸ್ಟಿಕ್ಕು, ಮಂಜ ಕವೀದ ಏನಾಗಬೇಕು ಹೇಳ್ರಿ.

ಮಳಿಗಾಲದಾಗ ಧಾರವಾಡದಿಂದ ಹಳಿಯಾಳಕ್ಕ ಕೆಂಪು ಬಸ್ಸಿನಾಗ ಹೋಗ್ರಿ, ಕಿಡಕಿ ಎಲ್ಲಾ ಹಾಕಿರ್ತಾರ, ಮಂದಿ ಉಸರಿಗೆ ಗಾಜು ಒಳಗಿಂದ ಮಂಜ ಕಟ್ಟಿರ್ತೈತಿ, ನಾವು ಅಂಗೈಲೆ ಒರಸಿ ಹೊರಗ ನೋಡ್ತೇವಿ, ಒಂದ ನಿಮಿಷಕ್ಕ ಮತ್ತ ಮಬ್ಬು. ಒರಸೋದರಿಂದ ಮಂಜ ಹೋಗಂಗಿಲ್ಲ, ಮಂಜ ಹುಟ್ಟೋ ಕಾರಣ ಹಂಗ ಇರ್ತೈತಿ. ಬಸ್ಸಿನ ಗಾಜಿಗೆ ಒರಸಿದ್ರ ನಷ್ಟ ಇಲ್ಲ. ಗಾಗಲ್ಲಿಗೆ ಒರಸಿದ್ರ ಮಾತ್ರ ಭಾಳ ನಷ್ಟ ಐತಿ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೇನಿ, ಯಾಕಂದ್ರ ಇಡೀ ವಿಷಯದಾಗ ಒಂದ ಮಾತು ನೆನಪಿಡಬೇಕಂದ್ರ ಇದನ್ನ ಇಡ್ರಿ.

ಮಬ್ಬು ಅನ್ನೋದು ಏನು, ಕಣ್ಣಿಗೆ ಬ್ಯಾರೆ ಬ್ಯಾರೆ ಕಾಣಲಾರದಷ್ಟು ಸಣ್ಣ ನೀರಿನ ಹನಿ ಒತ್ತೊತ್ತಾಗಿ ಕುಂತಿರ್ತಾವ, ಒಂದೊಂದು ಹನಿನೂ ಗುಂಡಗಿದ್ದು ಬೆಳಕನ್ನ ಎಲ್ಲಾ ದಿಕ್ಕಿಗೆ ಚದರಸ್ತೈತಿ. ಅದ ನೀರು ಗುಂಡಗ ಕುಂದರದ ತೆಳ್ಳಗ ಹಾಳಿ ಹಂಗ ಹರವಿದ್ರ ಬೆಳಕು ನೆಟ್ಟಗ ಬರ್ತೈತಿ, ಎಲ್ಲಾ ಸ್ವಚ್ಛ ಕಾಣ್ತೈತಿ. ಕೆಸುವಿನ ಎಲಿ ಮ್ಯಾಲ ನೀರು ಹಾಕಿದ್ರ ಮುತ್ತಿನಂಗ ಗುಂಡಗಾಗಿ ಉರುಳತೈತಿ, ಸಬಕಾರ ಹಚ್ಚಿ ತೊಳದ ತಾಟಿನ ಮ್ಯಾಲ ಹಾಕಿದ್ರ ಹರಡತೈತಿ, ಅಷ್ಟ ಫರಕು. ಗಾಗಲ್ಲಿನ ಮಸೂರ ಸಾಮಾನ್ಯವಾಗಿ ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್ಕಿಂದು, ಅದು ಬರೇ ಇದ್ರ ನೀರಿನ ಹನಿ ಗುಂಡಗ ಕುಂದರತಾವ. ಅದಕ್ಕ ಕಂಪನಿಯವರು ಒಳಗಿನ ಮಗ್ಗಲಿಗೆ ನೀರನ್ನ ಎಳಕೊಂಡು ಹರಡಸೋ ಒಂದು ಲೇಪ ಕೊಟ್ಟಿರ್ತಾರ, ಡಬ್ಬಿ ಮ್ಯಾಲ ಆಂಟಿ ಫಾಗ್ ಅಂತ ಬರದಿರ್ತೈತೆಲ್ಲ ಅದ ಇದು. ಈ ಲೇಪ ಭಾಳ ತೆಳ್ಳಗ, ನೀರು ಕುಡದಾಗ ಇನ್ನೂ ಮೆತ್ತಗ ಆಗಿರ್ತೈತಿ. ಅಂಥಾದ್ದಕ್ಕ ನಾವು ಹೆಬ್ಬಟ್ಟಿಲೆ ತಿಕ್ಕಿ, ವಸ್ತ್ರದ ಚುಂಗಿಲೆ ಒರಸಿ, ಹದಿನೈದು ದಿನದಾಗ ಕಿತ್ತು ಹಾಕಿ ಬಿಡ್ತೇವಿ, ಆಮ್ಯಾಲ ಗಾಗಲ್ ಸುಮಾರ ಐತಿ ಅಂತೇವಿ. ನಮ್ಮ ಹುಡುಗಿದೂ ಹಂಗ ಆಗಿತ್ತು, ದಿನಾ ಮನಿಗೆ ಬಂದ ಮ್ಯಾಲ ಅಕ್ಕ ಪ್ರೀತಿಲೆ ಮೆತ್ತನ ಅರಿವಿ ತೊಗೊಂಡು ಒಳಗ ಹೊರಗ ಒರಸಿ ಒರಸಿ ಇಡತಿದ್ದಳು.

ಅದಕ್ಕ ಒಳಗ ಮುಟ್ಟಬ್ಯಾಡ್ರಿ. ಬೆರಳು ಬ್ಯಾಡ, ಅರಿವಿ ಬ್ಯಾಡ, ಟಿಶ್ಯೂ ಬ್ಯಾಡ, ಕನ್ನಡಕ ಒರಸೋ ಮೆತ್ತನ ಬಟ್ಟಿನೂ ಬ್ಯಾಡ. ಕಸ ಬಿದ್ರ ನೀರು ಹಾಕಿ ಜಾಡಸ್ರಿ. ಇದಕ್ಕ ಒಂದ ವಿನಾಯ್ತಿ ನನಗ ಗೊತ್ತಿರೋದು, ಅರೀನಾ ಅನ್ನೋ ಕಂಪನಿಯವರದು ಸ್ವೈಪ್ ಅನ್ನೋ ಮಾದರಿ ಐತಿ, ಅದನ್ನ ನೀರಾಗ ಒದ್ದಿ ಮಾಡಿ ಬೆರಳಿಲೆ ಹಗೂರಕ ಸವರಿದ್ರ ಲೇಪ ಮತ್ತ ಕೆಲಸಾ ಮಾಡ್ತೈತಿ, ಹಂಗಂತ ಅವರ ಹೇಳಿರ್ತಾರ. ಡಬ್ಬಿ ಮ್ಯಾಲ ಅಂಥಾ ಮಾತು ಇಲ್ಲಂದ್ರ ಕೈ ದೂರ ಇಡ್ರಿ.

ನೀರಿಗೆ ಇಳಿಯೋಕಿಂತ ಮೊದಲ ಮಾಡೋ ಕೆಲಸಾನ ಅರ್ಧಾ ಯುದ್ಧ ಗೆಲ್ಲಸ್ತೈತಿ. ಮಾರಿ ತೊಳಕೋರಿ, ಬರೇ ನೀರು ಚಿಮಕಿಸಿಕೊಳ್ಳೋದಲ್ಲ, ಸಬಕಾರ ಹಚ್ಚಿ ಕಣ್ಣಿನ ಸುತ್ತಲಿನ ಎಣ್ಣಿ ಹೋಗೂ ಹಂಗ. ನಮ್ಮ ಕಡೆ ತಲಿಗೆ ಕೊಬ್ಬರಿ ಎಣ್ಣಿ ಹಚ್ಚೋ ರೂಢಿ ಐತಿ, ಹೆಣ್ಣಮಕ್ಕಳು ಸಣ್ಣ ಹುಡುಗ್ರು ಜಡಿ ಹಾಕೋವಾಗ ಕೈ ತುಂಬ ಹಚ್ಚಿರ್ತಾರ, ಅದು ಹಣಿ ಮ್ಯಾಲಿಂದ ಇಳದು ಗಾಗಲ್ಲಿನ ಒಳಗ ಸೇರಿದ್ರ ಮುಗೀತು, ಎಣ್ಣಿ ಜಿಡ್ಡಿನ ಮ್ಯಾಲ ನೀರು ಕೆಸುವಿನ ಎಲಿ ಮ್ಯಾಲ ಕುಂತಂಗ ಕುಂದರತೈತಿ. ಸನ್‌ಸ್ಕ್ರೀನ್, ಪೌಡರ್, ಕಾಡಿಗಿ ಇವೂ ಅಷ್ಟ. ಬಿಸಿಲಿನಾಗ ಈಸೋರು ಸನ್‌ಸ್ಕ್ರೀನ್ ಹಚ್ಚಲೇಬೇಕು ಅಂದ್ರ ಗಾಗಲ್ ಕುಂದ್ರೋ ಜಾಗಾ ಬಿಟ್ಟು ಹಚ್ಚಿ, ಕೈ ತೊಳಕೊಂಡು ಆಮ್ಯಾಲ ಗಾಗಲ್ ಮುಟ್ರಿ. ವಿಭೂತಿ ಹಚ್ಚಿಕೊಂಡು ಬರೋ ಹಿರಿಯರು ನಮ್ಮ ಬ್ಯಾಚಿನ್ಯಾಗ ಇಬ್ಬರದಾರ, ಅದರ ಪುಡಿ ಸಿಲಿಕಾನ್ ಅಂಚಿನಾಗ ಸಿಕ್ಕೊಂಡು ನೀರು ಸೋರತಿತ್ತು, ಈಗ ಈಸು ಮುಗಿಸಿ ಜಳಕಾ ಮಾಡಿದ ಮ್ಯಾಲ ಹಚ್ಚಿಕೊಂತಾರ, ಅವರ ಕಂಪ್ಲೇಂಟು ಅಲ್ಲಿಗೆ ನಿಂತಿತು.

ಎರಡನೇದು, ಮಾರಿ ತಣ್ಣಗ ಆಗಬೇಕು. ಏಪ್ರಿಲ್ ಮೇ ತಿಂಗಳಾಗ ಬಿಸಿಲಿನಾಗ ಸೈಕಲ್ ತುಳಕೊಂಡೋ ಸ್ಕೂಟರ್ ಮ್ಯಾಲೋ ಬಂದು, ಮಾರಿ ಕೆಂಪಗ ಆಗಿರ್ತೈತಿ, ಹಂಗ ಗಾಗಲ್ ಏರಿಸಿ ಧುಮುಕಿದ್ರ ಮೊದಲನೇ ಸುತ್ತಿನಾಗ ಕವೀತೈತಿ. ಮೂರ್ನಾಲ್ಕು ನಿಮಿಷ ನೆಳ್ಳಿಗೆ ಕುಂದರ್ರಿ, ಶವರ್ ಕೆಳಗ ನಿಂದರ್ರಿ, ಕೊಳಕ್ಕ ಇಳದ ಮ್ಯಾಲ ಗಾಗಲ್ ಇಲ್ಲದ ನಾಕೈದು ಸಲ ಮಾರಿ ಮುಳಗಸ್ರಿ. ಗಾಗಲ್ಲೂ ತಣ್ಣಗಾಗಬೇಕು, ಅದಕ್ಕ ಅರ್ಧಾ ನಿಮಿಷ ಕೊಳದ ನೀರಾಗ ಹಿಡೀರಿ, ಮ್ಯಾಲೆತ್ತಿ ಒಮ್ಮೆ ಜಾಡಸ್ರಿ, ಒಳಗಿನ ಒದ್ದಿ ಹಂಗ ಇರಲಿ, ಒಣಗಸಬ್ಯಾಡ್ರಿ, ಹಂಗ ಹಾಕ್ಕೋರಿ. ಒದ್ದಿ ಲೇಪದ ಮ್ಯಾಲ ಹೊಸಾ ಹಬೆ ಬಂದು ಕುಂತ್ರ ಇದ್ದ ನೀರಿನ ಜೋಡಿ ಕೂಡಿ ಹರಡಿ ಹೋಗ್ತೈತಿ. ಒಣ ಗಾಗಲ್ ಹಾಕ್ಕೊಂಡು ದಂಡಿ ಮ್ಯಾಲ ಹತ್ತು ನಿಮಿಷ ವಾರ್ಮಪ್ ಮಾಡೋರು ಇರ್ತಾರ, ಅವರದು ನೀರಿಗೆ ಇಳಿಯೋದರಾಗ ಕವಿದು ಬಿಟ್ಟಿರ್ತೈತಿ.

ಇನ್ನ ಈಸೋವಾಗ. ಎಲ್ಲಾರೂ ಮಾಡೋ ತಪ್ಪು ಅಂದ್ರ ಒಂದ ಸುತ್ತು ಮುಗೀತಂದ್ರ ಗಾಗಲ್ ಹಣಿ ಮ್ಯಾಲ ಏರಿಸಿಕೊಂಡು ಮಾತಾಡ್ತಾ ನಿಂದ್ರೋದು. ಹಣಿ ಅಂದ್ರ ಬೆವರಿನ ಗುಡಾಣ, ಕಾವು ಬ್ಯಾರೆ, ಮ್ಯಾಲ ಕೂದಲಿನ ಎಣ್ಣಿ, ಎಲ್ಲಾನೂ ಗಾಗಲ್ಲಿನ ಒಳಗ ತುಂಬಿಸಿ ಮತ್ತ ಕಣ್ಣಿಗೆ ಇಳಿಸಿದಂಗ ಆಗ್ತೈತಿ. ದಮ್ಮು ತೊಗೊಳ್ಳಾಕ ನಿಂತಾಗ ಕಣ್ಣಿನ ಮ್ಯಾಲ ಹಂಗ ಇರಲಿ, ಇಲ್ಲಾ ತಗದು ಕೈಯಾಗ ಹಿಡದು ನೀರಾಗ ಮುಳಗಿಸಿ ಇಡ್ರಿ, ಕೊಳ್ಳಾಗ ಇಳಿಬಿಟ್ರೂ ನಡೀತೈತಿ. ಇದೊಂದು ರೂಢಿ ಬಿಟ್ಟಿದ್ದಕ್ಕ ನನ್ನ ಗಾಗಲ್ಲಿನ ಮಂಜ ಎಷ್ಟೋ ಕಡಿಮಿ ಆತು.

ನಡುವ ಕವಿದ್ರ ಒರಸೋದಲ್ಲ, ಆಳ ಕಡಿಮಿ ಇದ್ದ ಕಡೆ ನಿಂತು, ಗಾಗಲ್ ತಗದು, ನೀರಾಗ ಅದ್ದಿ ಒಮ್ಮೆ ತೊಳದು ಹಾಕ್ಕೋರಿ. ಸ್ಪರ್ಧಾ ಪ್ರಾಕ್ಟೀಸ್ ಮಾಡೋ ಹುಡುಗ್ರು ಇನ್ನೊಂದು ಮಾಡ್ತಾರ, ಬೇಕಂತಲೇ ನಾಕು ಹನಿ ನೀರು ಒಳಗ ಬಿಟ್ಟುಕೊಂಡು ಹಾಕ್ಕೊಂತಾರ, ತಲಿ ತಿರುವಿದಾಗೆಲ್ಲಾ ಆ ಹನಿ ಒಳಗ ಉರುಳಾಡಿ ಮಂಜ ತೊಳೀತಾವ. ಕೆಲಸಾ ಮಾಡ್ತೈತಿ, ಆದ್ರ ಸಣ್ಣ ಮಕ್ಕಳಿಗೆ ಇದನ್ನ ಹೇಳಬ್ಯಾಡ್ರಿ, ಕ್ಲೋರಿನ್ ನೀರು ಕಣ್ಣಿಗೆ ಹತ್ತಿದ್ರ ಮತ್ತ ಅಂಜತಾವ. ಮತ್ತೊಂದು ತಿಳಿವಳಿಕಿ ತಪ್ಪು, ಪಟ್ಟಿ ಬಿಗಿ ಮಾಡಿದ್ರ ಮಂಜ ಬರಂಗಿಲ್ಲ ಅನ್ನೋದು. ಪಟ್ಟಿ ಬಿಗಿ ಆದ್ರ ಕಣ್ಣಿನ ಸುತ್ತ ಕೆಂಪು ಗೆರಿ ಬೀಳ್ತಾವ, ತಲಿ ನೂಸ್ತೈತಿ, ಮಂಜಿಗೂ ಬಿಗಿಗೂ ಸಂಬಂಧ ಇಲ್ಲ.

ಲೇಪ ಈಗಾಗಲೇ ಹೋಗೈತಿ, ಏನ್ ಮಾಡೋಣು ಅನ್ನೋರಿಗೆ ಮೂರು ದಾರಿ ಅದಾವ.

ಒಂದು ಎಂಜಲು. ಕೇಳಾಕ ಹೊಲಸ ಅನಸ್ತೈತಿ ಖರೇ, ಆದ್ರ ಸಮುದ್ರದಾಗ ಮುಳಗೋರೂ ಇದನ್ನ ಮಾಡ್ತಾರ. ಉಗುಳಿನಾಗ ಇರೋ ಅಂಟು ಅಂಟು ಪ್ರೋಟೀನು ತೆಳ್ಳಗ ಪರದೆ ಹಂಗ ಹತ್ತಿ ನೀರನ್ನ ಹರಡಸ್ತೈತಿ. ಒಣ ಗಾಗಲ್ಲಿನ ಒಳಗ ನಾಲಿಗಿಲೆ ಒಂದಿಷ್ಟು ಸವರಿ, ಅಂಚಿನ ತನಕ ಹರವಿ, ಒಂದ ಸಲ ನೀರಾಗ ಅದ್ದಿ ತಗದು ಹಾಕ್ಕೋರಿ, ಭಾಳ ತೊಳದ್ರ ಹೋಗ್ತೈತಿ. ಹತ್ತು ಹದಿನೈದು ನಿಮಿಷಕ್ಕ ಮೋಸ ಇಲ್ಲ, ಆಮ್ಯಾಲ ಮತ್ತ ಹಚ್ಚಬೇಕು. ನಿಮ್ಮದ ಎಂಜಲು ನಿಮ್ಮ ಗಾಗಲ್ಲಿಗೆ ಅಷ್ಟ, ಮಕ್ಕಳ ಗಾಗಲ್ಲಿಗೆ ದೊಡ್ಡವರು ಹಚ್ಚಿ ಕೊಡಬ್ಯಾಡ್ರಿ, ನೆಗಡಿ ಜ್ವರ ಇದ್ದಾಗ, ಕಣ್ಣು ಕೆಂಪಗಿದ್ದಾಗ ಈ ಉಪಾಯ ಪೂರಾ ಬಿಡ್ರಿ, ಅಂಥಾ ದಿನ ಕೊಳಕ್ಕೂ ಹೋಗಬ್ಯಾಡ್ರಿ.

ಎರಡನೇದು ಬೇಬಿ ಶಾಂಪೂ, ನನಗ ಭಾಳ ಸೇರಿದ್ದು ಇದ. ಮೆಡಿಕಲ್ ಅಂಗಡಿಯಾಗ ಸಣ್ಣ ಬಾಟ್ಲಿ ಸಿಗ್ತೈತಿ, ಕೂಸಿನ ಕಣ್ಣಿಗೆ ಉರಿ ಆಗಬಾರದು ಅಂತ ಸೌಮ್ಯ ಮಾಡಿರ್ತಾರ, ಅದಕ್ಕ ಅದ ಬೇಕು, ಮನ್ಯಾಗಿನ ದೊಡ್ಡವರ ಶಾಂಪೂ ನಡಿಯಂಗಿಲ್ಲ. ಒಂದ ಹನಿ ಶಾಂಪೂಗೆ ಎರಡು ಮೂರು ಚಮಚ ನೀರು ಕೂಡಸ್ರಿ. ಗಾಗಲ್ಲಿನ ಒಳಗ ಸ್ವಲ್ಪ ಹಾಕಿ ಅತ್ತ ಇತ್ತ ಆಡಿಸಿ ಎಲ್ಲಾ ಕಡೆ ಹತ್ತೂ ಹಂಗ ಮಾಡ್ರಿ, ಒಂದ ನಿಮಿಷ ಬಿಡ್ರಿ, ಆಮ್ಯಾಲ ಸ್ವಚ್ಛ ನೀರಾಗ ಎರಡು ಸಲ ಅದ್ದಿ ತಗೀರಿ. ನೊರಿ ಕಾಣಬಾರದು, ವಾಸನಿ ಬಂದ್ರ ಇನ್ನೊಮ್ಮೆ ಅದ್ದರಿ. ನಾನು ಮೊದಲು ಮಾಡಿದಾಗ ನೀರು ಕೂಡಿಸದ ಹಂಗ ಹಚ್ಚಿ, ಅವಸರದಾಗ ಸರಿಯಾಗಿ ತೊಳೀದ ನೀರಿಗೆ ಇಳದೆ, ಒಳಗ ಹೊಕ್ಕ ಸ್ವಲ್ಪ ನೀರಿನ ಜೋಡಿ ಅದು ಕಣ್ಣಿಗೆ ಹೋಗಿ ಅವತ್ತ ಸಂಜಿ ತನಕ ಕಣ್ಣೀರು ಸುರಿತಿತ್ತು, ಸೌಮ್ಯ ಅಂದ್ರೂ ಅದು ಸಬಕಾರನ. ಅಂಥಾದ್ದು ಆದ್ರ ಕಣ್ಣು ತಿಕ್ಕಬ್ಯಾಡ್ರಿ, ಹರಿಯೋ ಸ್ವಚ್ಛ ನೀರಿಲೆ ಹದಿನೈದು ನಿಮಿಷ ತೊಳೀರಿ, ಉರಿ ಕೆಂಪು ಕಡಿಮಿ ಆಗಲಿಲ್ಲಂದ್ರ ಇಲ್ಲಾ ನೋಟ ಮಬ್ಬಾದ್ರ ಅವತ್ತ ಕಣ್ಣಿನ ಡಾಕ್ಟರ ಹತ್ತಿರ ಹೋಗ್ರಿ.

ಮೂರನೇದು ಆಂಟಿ ಫಾಗ್ ಸ್ಪ್ರೇ. ಈಜು ಗಾಗಲ್ಲಿಗೆ ಅಂತನ ಮಾಡಿದ್ದು ತೊಗೋರಿ, ಡಬ್ಬಿ ಮ್ಯಾಲ ಎಷ್ಟು ಹೊತ್ತು ಬಿಡಬೇಕು, ತೊಳೀಬೇಕೋ ಬ್ಯಾಡೋ ಬರದಿರ್ತೈತಿ, ಅದರ ಪ್ರಕಾರ ಮಾಡ್ರಿ. ಹೆಲ್ಮೆಟ್ಟಿನ ಗಾಜಿಗೆ, ಕಾರಿನ ಗಾಜಿಗೆ ಹೊಡಿಯೋ ಸ್ಪ್ರೇ ಮನ್ಯಾಗ ಐತಿ ಅಂತ ಇದಕ್ಕ ಹೊಡಿಯಬ್ಯಾಡ್ರಿ, ಅವು ಕಣ್ಣಿನ ಹತ್ತಿರ ಮುಚ್ಚಿ ಇಡೋ ವಸ್ತುವಿಗೆ ಮಾಡಿದ್ದಲ್ಲ, ಕೆಲವು ಪ್ಲಾಸ್ಟಿಕ್ಕಿಗೂ ಧಕ್ಕಿ.

ಹೊಸಾ ಗಾಗಲ್ಲಿಗೆ ಇವ್ಯಾವೂ ಬೇಕಾಗಿಲ್ಲ, ಲೇಪ ಇರೋತನಕ ಲೇಪಕ್ಕ ಅದರ ಕೆಲಸಾ ಮಾಡಾಕ ಬಿಡ್ರಿ.

ಮಾಡಬಾರದ್ದೂ ಹೇಳಿ ಬಿಡ್ತೇನಿ, ಯಾಕಂದ್ರ ವಾಟ್ಸಾಪ್ನಾಗ ಏನೇನೋ ಓಡಾಡ್ತಾವ. ಟೂತ್‌ಪೇಸ್ಟ್ ಹಚ್ಚಿ ತಿಕ್ಕೋದು ಸಮುದ್ರದಾಗ ಮುಳಗೋರ ಗಾಜಿನ ಮಾಸ್ಕಿನ ರೂಢಿ, ಹೊಸಾ ಮಾಸ್ಕಿನ ಗಾಜಿನ ಮ್ಯಾಲ ತಯಾರಿಕಿ ಹೊತ್ತಿನ್ಯಾಗ ಕುಂತ ಜಿಡ್ಡು ತಗಿಯಾಕ ಮಾಡ್ತಾರ. ಗಾಜು ಗಟ್ಟಿ, ತಡಕೊಂತೈತಿ. ನಮ್ಮದು ಪ್ಲಾಸ್ಟಿಕ್ಕು, ಪೇಸ್ಟಿನಾಗ ಹಲ್ಲು ತಿಕ್ಕಾಕಂತ ಹಾಕಿದ ಸಣ್ಣ ಪುಡಿ ಇರ್ತೈತಿ, ಒಂದ ಸಲಕ್ಕ ಲೇಪನೂ ಹೋತು, ಮ್ಯಾಲ ಗೀರೂ ಬಿದ್ದು. ಸ್ಯಾನಿಟೈಸರ್, ಸ್ಪಿರಿಟ್, ಪಾತ್ರಿ ತಿಕ್ಕೋ ಲಿಕ್ವಿಡ್, ಬಿಸಿನೀರು, ಇವೂ ಬ್ಯಾಡ.

ಕಣ್ಣಿನಾಗ ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೊಂಡು ಈಸೋರಿಗೆ ಒಂದು ಮಾತು ಗಟ್ಟಿಯಾಗಿ ಹೇಳ್ತೇನಿ, ಬಿಡ್ರಿ. ನೀರಾಗ ಅಕಾಂತಮೀಬಾ ಅನ್ನೋ ಕಣ್ಣಿಗೆ ಕಾಣಲಾರದ ಜೀವಿ ಇರ್ತೈತಿ, ಕೊಳ ಇರಲಿ ಕೆರಿ ಇರಲಿ ನಳದ ನೀರ ಇರಲಿ, ಲೆನ್ಸಿನ ಕೆಳಗ ಸಿಕ್ಕೊಂಡ್ರ ಕಣ್ಣಿನ ಕರಿಗುಡ್ಡಿಗೆ ಸೋಂಕು ಆಗಿ ದೃಷ್ಟಿಗೆ ಕುತ್ತು ಬರ್ತೈತಿ. ಎಂಜಲು, ನಾಕು ಹನಿ ನೀರು ಒಳಗ ಬಿಡೋದು ಇವೆಲ್ಲಾ ಲೆನ್ಸಿನವರಿಗೆ ಇನ್ನೂ ಬ್ಯಾಡ. ನಂಬರ್ ಇರೋ ಈಜು ಗಾಗಲ್ಲನ ಸಿಗ್ತಾವ, ಮೈನಸ್ ನಂಬರಿನವು ಸಾಮಾನ್ಯವಾಗಿ ಅರ್ಧಾ ಅರ್ಧಾ ಪಾಯಿಂಟಿನ ಲೆಕ್ಕದಾಗ, ನಿಮ್ಮ ನಂಬರಿಗೆ ಹತ್ತಿರದ್ದು ತೊಗೊಂಡ್ರ ಗ್ವಾಡಿ, ಗಡಿಯಾರ, ಎದುರಿಗೆ ಬರೋ ಮನಷ್ಯಾ ಎಲ್ಲಾ ಚೊಲೋ ಕಾಣ್ತಾವ.

ಮನಿಗೆ ಬಂದ ಮ್ಯಾಲಿನ ಕೆಲಸಾ ಎರಡು ನಿಮಿಷದ್ದು. ಕೊಳದ ನೀರಿನಾಗ ಕ್ಲೋರಿನ್ ಇರ್ತೈತಿ, ಹಂಗ ಒಣಗಾಕ ಬಿಟ್ರ ಲೇಪನೂ ತಿಂತೈತಿ, ಪಟ್ಟಿಯ ರಬ್ಬರೂ ಬಿರಸಾಗ್ತೈತಿ. ತಣ್ಣೀರಿನ ಬಕೀಟದಾಗ ನಾಕು ಸಲ ಅದ್ದಿ, ಜಾಡಿಸಿ, ನೆಳ್ಳಾಗ ತೂಗು ಹಾಕ್ರಿ. ಇಲ್ಲಿ ನಮ್ಮ ಸೀಮಿಯ ಒಂದು ತ್ರಾಸ ಐತಿ, ಅದ ಸವಳು ನೀರು. ಗದಗ, ಮುಂಡರಗಿ, ನರಗುಂದದ ಕಡೆ ಬೋರಿನ ನೀರು ಬಳಸೋ ಮನಿಯಾಗ ಸ್ಟೀಲ್ ಪಾತ್ರಿ ಮ್ಯಾಲ, ನಳದ ಬಾಯಿಗೆ ಬಿಳೇ ಕಲಿ ಕಟ್ಟಿರ್ತೈತೆಲ್ಲ, ಗಾಗಲ್ಲಿನ ಮ್ಯಾಲ ಆ ನೀರು ಒಣಗಿದ್ರ ಅಂಥಾ ಚುಕ್ಕಿ ಬೀಳ್ತಾವ, ಅದನ್ನ ನೋಡಿ ಮಂಜ ಅಂತ ಮತ್ತ ತಿಕ್ಕಾಕ ಹೋಗ್ತೇವಿ. ಗದಗಿನ್ಯಾಗ ಇರೋ ನನ್ನ ಗೆಳ್ಯಾ ಒಬ್ಬಂವ ಇದರಾಗ ಎರಡು ಜೋಡಿ ಕೆಡಿಸಿಕೊಂಡ. ಉಪಾಯ ಸರಳ ಐತಿ, ಬೋರಿನ ನೀರಾಗ ತೊಳದ ಮ್ಯಾಲ ಕಡೀಗೆ ಅರ್ಧಾ ಗ್ಲಾಸು ಕುಡಿಯೋ ಫಿಲ್ಟರ್ ನೀರು ಮ್ಯಾಲ ಸುರುವಿ ಜಾಡಸ್ರಿ, ಚುಕ್ಕಿ ಬೀಳಂಗಿಲ್ಲ. ಮಳಿಗಾಲದಾಗ ನಾನು ತಗಡಿನಿಂದ ಬೀಳೋ ಮಳಿನೀರು ಹಿಡದು ಇಟ್ಟಿರ್ತೇನಿ, ಮೊದಲಿನ ಹೊಲಸು ನೀರು ಹೋದ ಮ್ಯಾಲ ಹಿಡದದ್ದು, ಅದು ಇನ್ನೂ ಚೊಲೋ.

ಬಿಸಿಲಿಗೆ ಒಣಗಾಕ ಹಾಕಬ್ಯಾಡ್ರಿ. ಸ್ಕೂಟರಿನ ಡಿಕ್ಕಿಯಾಗ, ಕಾರಿನ ಮುಂದಿನ ಗಾಜಿನ ಕೆಳಗ ಇಡಬ್ಯಾಡ್ರಿ, ಮೇ ತಿಂಗಳ ಮಧ್ಯಾಹ್ನ ಅದರೊಳಗ ಕೈ ಇಟ್ರ ಸುಡತೈತಿ, ಅಂಚು ಸೊಟ್ಟ ಆದ್ರ ಮಂಜಿನ ಜೋಡಿ ಲೀಕೂ ಶುರು. ಒದ್ದಿದ್ದಂಗ ಡಬ್ಬಿಯಾಗ ಮುಚ್ಚಿ ಇಟ್ರ ಬೂಸ್ಟು ಬರ್ತೈತಿ, ಧಾರವಾಡದ ಜುಲೈ ಜಿಟಿಜಿಟಿ ಮಳಿಯಾಗ ಬಾಗಲಾ ಹಿಂದ ಹಾಕಿದ ಅರಿವಿನ ಮೂರು ದಿನ ಒಣಗಂಗಿಲ್ಲ, ಅಂಥಾದ್ರಾಗ ಗಾಗಲ್ ಫ್ಯಾನಿನ ಕೆಳಗ ಒಂದು ತಾಸು ಇಟ್ಟು ಆಮ್ಯಾಲ ಡಬ್ಬಿಗೆ ಹಾಕ್ರಿ. ಡಬ್ಬಿ ಇಲ್ಲಂದ್ರ ಒಂದು ಹಳೇ ಮೆತ್ತನ ಕಾಲುಚೀಲ ಸಾಕು, ಬ್ಯಾಗಿನಾಗ ಬಾಚಣಿಗಿ ಕೀಲಿಕೈ ಜೋಡಿ ಬರೇ ಒಗಿಬ್ಯಾಡ್ರಿ.

ಕೊಳ್ಳೋವಾಗ ನೋಡಬೇಕಾದ್ದು ಭಾಳ ಇಲ್ಲ. ಪಟ್ಟಿ ಹಾಕದ ಬರೇ ಕಣ್ಣಿಗೆ ಒತ್ತಿ ಕೈ ಬಿಡ್ರಿ, ಎರಡು ಮೂರು ಸೆಕೆಂಡ್ ತಾನ ಹಿಡಕೊಂಡು ನಿಂತ್ರ ನಿಮ್ಮ ಮಾರಿಗೆ ಕೂಡ್ತೈತಿ, ಅದಕ್ಕ ಅಂಗಡಿಗೆ ಹೋಗಿ ಹಚ್ಚಿ ನೋಡಿ ತೊಗೊಳ್ಳೋದು ಚೊಲೋ, ದುರ್ಗದಬೈಲಿನಾಗೋ ಕೊಪ್ಪಿಕರ್ ರೋಡಿನಾಗೋ ಅಡ್ಡಾಡೋವಾಗ ಆಟದ ಸಾಮಾನಿನ ಅಂಗಡಿ ಕಂಡ್ರ ಕೇಳ್ರಿ. ಮಕ್ಕಳಿಗೆ ಮಕ್ಕಳ ಅಳತಿನ ತೊಗೋರಿ, ಬೆಳೀತಾವ ಅಂತ ದೊಡ್ಡದು ತಂದ್ರ ದಿನಾ ಸೋರತೈತಿ. ಕನ್ನಡಿ ಹಂಗ ಹೊಳಿಯೋ ಮಸೂರ ಬಿಸಿಲಿಗೆ ಚೊಲೋ, ಆದ್ರ ಆ ಹೊಳಪು ಹೊರಗಿಂದು, ಮಂಜಿಗೂ ಅದಕ್ಕೂ ಸಂಬಂಧ ಇಲ್ಲ. ಸ್ವೀಡಿಶ್ ಗಾಗಲ್ ಅಂತ ಬರ್ತಾವ, ಅಂಚಿಗೆ ಸಿಲಿಕಾನ್ ಇರಂಗಿಲ್ಲ, ಸಾದಾ ಮಾದರಿಯವಕ್ಕ ಒಳಗ ಲೇಪನೂ ಇರಂಗಿಲ್ಲ, ಅವು ಪಳಗಿದವರಿಗೆ, ಕಲಿಯೋರಿಗೆ ಬ್ಯಾಡ. ಭಾಳ ತುಟ್ಟಿದ್ದು ತೊಗೊಂಡ್ರ ಮಂಜ ಬರಂಗನ ಇಲ್ಲ ಅಂತ ತಿಳೀಬ್ಯಾಡ್ರಿ, ತುಟ್ಟಿದ್ದರ ಲೇಪನೂ ತಿಕ್ಕಿದ್ರ ಹೋಗೋದ.

ಹಳ್ಳಿ ಕಡೆ ಬಾವಿಯಾಗ ಈಸೋ ಹುಡುಗ್ರಿಗೂ ಈಗ ಗಾಗಲ್ ಬಂದಾವ, ಬಾವಿ ನೀರು ಕೊಳಕ್ಕಿಂತ ತಣ್ಣಗ ಇದ್ದಲ್ಲಿ ಮಂಜ ಇನ್ನೂ ಲಗೂನ ಕವೀತೈತಿ, ಇಳಿಯೋಕಿಂತ ಮೊದಲು ಅದ್ದೋದು ಅಲ್ಲಿ ಇನ್ನೂ ಮುಖ್ಯ. ಅದಕ್ಕಿಂತ ದೊಡ್ಡ ಮಾತು ಅಂದ್ರ, ಈಜು ಗಾಗಲ್ ಹಾಕ್ಕೊಂಡು ತಳದ ತನಕ ಮುಳಗಬ್ಯಾಡ್ರಿ, ಇದು ಮೂಗು ಮುಚ್ಚಂಗಿಲ್ಲ, ಅದಕ್ಕ ಆಳಕ್ಕ ಹೋದಂಗ ನೀರಿನ ಒತ್ತಡಕ್ಕ ಒಳಗಿನ ಗಾಳಿ ಕುಗ್ಗಿ ಗಾಗಲ್ ಕಣ್ಣನ್ನ ಹೀರಾಕ ಶುರು ಮಾಡ್ತೈತಿ, ಮೂಗಿನಿಂದ ಗಾಳಿ ಊದಿ ಸರಿ ಮಾಡಾಕ ಬರಂಗಿಲ್ಲ, ಕಣ್ಣಿನ ಸಣ್ಣ ರಕ್ತನಾಳ ಒಡದು ಬಿಳೇ ಗುಡ್ಡಿ ರಕ್ತದಂಗ ಆಗ್ತೈತಿ. ಮ್ಯಾಲಿನ ಕಟ್ಟಿಯಿಂದ ಗಾಗಲ್ ಹಾಕ್ಕೊಂಡು ಜಿಗಿಯೋದೂ ಬ್ಯಾಡ. ಗಾಗಲ್ ಮುಂದಕ್ಕ ಜಗ್ಗಿ ನೋಡೋ ಚಾಷ್ಟಿನೂ ಬಿಡಸ್ರಿ, ಕೈ ಜಾರಿ ರಪ್ಪಂತ ಬಂದು ಕಣ್ಣಿಗೆ ಬಡದ್ರ ಅದು ಸಣ್ಣ ಪೆಟ್ಟಲ್ಲ. ತಗಿಯೋವಾಗ ಹಿಂದಿನ ಪಟ್ಟಿಗೆ ಹೆಬ್ಬಟ್ಟು ಹಾಕಿ ತಲಿ ಮ್ಯಾಲಿಂದ ಮುಂದಕ್ಕ ತರಬೇಕು.

ಲೇಪ ಎಷ್ಟು ದಿನ ಬಾಳತೈತಿ ಅಂತ ಕೇಳ್ತಾರ, ದಿನಾ ಈಸೋರದು ಚೊಲೋ ಜ್ವಾಪಾನ ಮಾಡಿದ್ರೂ ಕೆಲವು ತಿಂಗಳಿಗೆ ಸವದು ಹೋಗೋದ, ಅದು ಯಾರ ತಪ್ಪೂ ಅಲ್ಲ. ಆಮ್ಯಾಲ ಬೇಬಿ ಶಾಂಪೂ ಮ್ಯಾಲ ಇನ್ನಷ್ಟು ತಿಂಗಳ ನಡಸಬಹುದು, ಗೀರು ಬಿದ್ದು ಎದುರಿಗೆ ಬರೋರು ಕಾಣಲಾರದಂಗ ಆದ್ರ ಬದಲು ಮಾಡ್ರಿ. ನಮ್ಮ ಹುಡುಗಿಗೆ ಅವತ್ತ ಹೊಸಾದು ಕೊಡಸಲಿಲ್ಲ, ಹಳೇದಕ್ಕ ಶಾಂಪೂ ನೀರು ಆಡಿಸಿ, ಎರಡು ಸಲ ಅದ್ದಿ, ಆಕಿ ಮಾರಿ ತೊಳಿಸಿ ಹಾಕಿ ಕಳಿಸಿದೆ. ಆಕಿ ನಡುವ ನಿಂತಳು, ನಾನು ಎದ್ದು ನಿಂತೆ, ಆಕಿ ತಲಿ ಎತ್ತಿ "ಮಾಮಾ, ತಳದಾಗ ನೀಲಿ ಗೆರಿ ಐತಿ" ಅಂತ ಒದರಿ ಮತ್ತ ಮಾರಿ ಮುಳಗಿಸಿ ಆ ಗೆರಿ ಹಿಡಕೊಂಡು ಆಚಿ ದಂಡಿಗೆ ಹೋದಳು.